ಬದನೆ ಗಿಡದ ನಾಲ್ಕನೇ ಮೊಟ್ಟೆ

ಅಮ್ಮನ ಕಣ್ಣಿನ ಪೊರೆ ತೆಗೆಸಿದ ಮೇಲೆ ನನ್ನ ಗೋಳು ಹೆಚ್ಚಿತು. ವಿದ್ಯಾರಣ್ಯಪುರಂನ ನಮ್ಮ ಬೀದಿಯ ಸೀರೆಗಳಿಗೆಲ್ಲ ಫಾಲ್ಸ್ ಹೊಲಿಯುತ್ತಿದ್ದವಳು ಅಮ್ಮ. ಯಾವ ಬಣ್ಣಕ್ಕೆ ಯಾವ ದಾರ ಎಂದು ಅವಳು ಹೇಳಿದರೆ ಅಂಗಡಿಯವರೂ ಎದುರಾಡುತ್ತಿರಲಿಲ್ಲ. ಪೊರೆ ಬಲಿತ ಕಾಲದಲ್ಲಿ ಎದುರುಮನೆಯವರ ಮೆರೂನ್ ಸೀರೆಗೆ ಕಂದು ಫಾಲ್ಸ್ ಹೊಲಿದುಬಿಟ್ಟು, ನಾಚಿಕೆಯಿಂದ ಹೊಲಿಗೆ ಮಿಷನ್ನಿಗೆ ಬಟ್ಟೆ ಹೊದಿಸಿ ಕೂತಳು. ಆಪರೇಷನ್ ಆದರೆ ಎಲ್ಲ ಸರಿಹೋಗುತ್ತದೆ ಎಂದು ನಾನೇ ಪುಸಲಾಯಿಸಿ ಒಪ್ಪಿಸಿದ್ದೆ.

ಆಗಿದ್ದೇನು? "ಎಲ್ಲಾ ನೀಲಿ ಹೊಡೀತದೆ ಕಣೇ. ಇನ್ನು ಬಣ್ಣದ ಕೆಲಸ ನನ್ನಿಂದಾಗಲ್ಲ ಬುಡು," ಎಂದಳು. ಸ್ವಲ್ಪ ದಿನದಲ್ಲಿ ರೂಢಿಯಾಗುತ್ತದೆ ಎಂದು ಡಾಕ್ಟರು ಹೇಳಿದ್ದರೂ ನನಗೆ ಧೈರ್ಯವಿರಲಿಲ್ಲ.

ಆ ದಿನಗಳಲ್ಲೇ ಟುವ್ವಿ ಹಕ್ಕಿಯೊಂದು ನಮ್ಮ ಕುಂಡದ ಬದನೆ ಗಿಡದ ಎಲೆಗಳನ್ನು ಸೇರಿಸಿ ಹೊಲಿದು ಗೂಡು ಮಾಡಿತು. "ನಮ್ಮ ಕಸುಬಿನೋಳೇ ಬಂದವ್ಳೆ," ಎಂದು ಅಮ್ಮ ಬಹಳ ದಿನದ ಮೇಲೆ ನಕ್ಕಳು. ಒಂದು ಬೆಳಿಗ್ಗೆ ಹಕ್ಕಿ ಇಲ್ಲದಾಗ ಗೂಡಿಗೆ ಇಣುಕಿ ನನ್ನನ್ನು ಕೂಗಿದಳು.

"ನಾಲ್ಕರಲ್ಲಿ ಒಂದು ಅವಳದ್ದಲ್ಲ. ಬಾಡಿ ಕಲರೇ ಬೇರೆ, ನೋಡು," ಎಂದಳು, ಸೀರೆಯ ಒಡಲಿನ ಬಣ್ಣ ಹೇಳುವ ಹಾಗೆ.

ನೋಡಿದೆ. ನಾಲ್ಕೂ ಒಂದೇ ಥರ, ತಿಳಿನೀಲಿ ಮೈ, ಮೇಲೆ ಕೆಂಗಂದು ಚುಕ್ಕಿ. ಕೋಗಿಲೆಯ ಜಾತಿಯ ಕೆಲವು ಹಕ್ಕಿಗಳು ಇಂಥ ಗೂಡುಗಳಲ್ಲಿ ಕದ್ದು ಮೊಟ್ಟೆಯಿಡುತ್ತವೆ, ಆ ಮೊಟ್ಟೆ ಗೂಡಿನವಳದ್ದನ್ನೇ ಹೋಲುತ್ತದೆ ಎಂಬುದು ನನಗೂ ಗೊತ್ತಿತ್ತು. ಆದರೆ ಆ ಹೊತ್ತಿಗೆ ಹೊಳೆದದ್ದು ಒಂದೇ. ಇಲ್ಲದ ಬಣ್ಣ ಅಮ್ಮನಿಗೆ ಕಾಣುತ್ತಿದೆ, ಕಣ್ಣು ಕೆಟ್ಟೇಹೋಯಿತು. "ಹೂಂ ಕಣಮ್ಮ," ಎಂದು ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡೆ.

ಮರುದಿನ ಗೂಡಿನಲ್ಲಿ ಮೂರೇ ಇದ್ದವು. ನಾಲ್ಕನೆಯದು ಕುಂಡದ ಬುಡದಲ್ಲಿ ಒಡೆದು ಬಿದ್ದಿತ್ತು. ಬೆಕ್ಕಿನ ಕೆಲಸವಾಗಿದ್ದರೆ ಗೂಡೇ ಉಳಿಯುತ್ತಿರಲಿಲ್ಲ. ತನ್ನದಲ್ಲವೆಂದು ಹಕ್ಕಿಯೇ ಎತ್ತಿ ಹೊರಗೆ ಹಾಕಿತ್ತು. ಚಿಪ್ಪನ್ನು ಗೂಡಿನ ಹತ್ತಿರ ಹಿಡಿದು ನೋಡಿದೆ. ಬಿಸಿಲಿನಲ್ಲಿ ನನಗೂ ಕಂಡಿತು, ಉಳಿದ ಮೂರಕ್ಕಿಂತ ಒಂಚೂರು ಹೆಚ್ಚು ಹಸಿರು. ಎದೆಯ ಮೇಲಿನ ಭಾರ ಇಳಿಯಿತು. ಅಮ್ಮನ ಕಣ್ಣಿಗೇನೂ ಆಗಿರಲಿಲ್ಲ! ಕೂಗುತ್ತ ಒಳಗೋಡಿದೆ.

"ನೆನ್ನೇನೇ ಹೇಳ್ಲಿಲ್ವಾ? ನೀನು ಸುಮ್ನೆ ಹೂಂ ಅಂದ್ಬುಟ್ಟೆ," ಎಂದು ಅಮ್ಮ ಚಿಪ್ಪನ್ನು ಅಂಗೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಎದ್ದು ಮಿಷನ್ನಿನ ಮೇಲಿನ ಬಟ್ಟೆ ತೆಗೆದಳು.

"ಎದುರುಮನೆಯವರ ಮೆರೂನ್ ಸೀರೆ ಇಸ್ಕೊಂಡು ಬಾ ಹೋಗು. ಆ ಕಂದು ಫಾಲ್ಸ್ ಬಿಚ್ಚಿ ಮೆರೂನೇ ಹಾಕ್ತೀನಿ."