ಮಣ್ಣು ತಾನಾಗಿ ಉದುರುವವರೆಗೆ

ಆಲೆಮನೆಯ ಕಡೆಯಿಂದ ಗಾಳಿ ಬೀಸಿದರೆ ಸಾಕು, ನಾನು ಬಾಯಿಗೆ ಸೆರಗು ಒತ್ತಿಕೊಂಡು ಬಚ್ಚಲಿಗೆ ಓಡುತ್ತಿದ್ದೆ. ಪಾಂಡವಪುರದ ಪಕ್ಕದ ಹಳ್ಳಿಯಲ್ಲಿದ್ದುಕೊಂಡು ಬೆಲ್ಲ ಕಾಯುವ ವಾಸನೆಗೆ ವಾಂತಿ ಬರುತ್ತದೆ ಅಂದರೆ ಜನ ನಗುತ್ತಾರೆ. ನಗಲಿ. ಎದೆಯ ಗಂಟಿಗೆ ಮೈಸೂರಿನಲ್ಲಿ ಕೀಮೋ ಹಾಕಿಸಿಕೊಂಡು ಬಂದವಳು ನಾನು, ಅವರಲ್ಲ. ಮೊದಲು ಮದ್ದಿನಿಂದ ಗಂಟು ಕರಗಬೇಕು, ಕರಗಿದರೆ ಆಪರೇಷನ್, ಆಪರೇಷನ್ ಆದರೆ ಬದುಕು. ಡಾಕ್ಟರು ಇಷ್ಟು ನೇರವಾಗಿ ಹೇಳಲಿಲ್ಲ. ನಾನೇ ಹಾಗೆ ಅರ್ಥ ಮಾಡಿಕೊಂಡಿದ್ದೆ.

ಗಂಟು ಕರಗುತ್ತಿತ್ತು. ಸ್ನಾನ ಮಾಡುವಾಗ ಬೆರಳಿಗೇ ಗೊತ್ತಾಗುತ್ತಿತ್ತು. ಮೊದಲು ನಿಂಬೆಹಣ್ಣಿನಷ್ಟಿದ್ದದ್ದು ಹುಣಸೆಬೀಜದಷ್ಟಾಗಿತ್ತು. ಅದಕ್ಕಾಗಿ ಉಳಿದದ್ದನ್ನೆಲ್ಲ ಸಹಿಸಿಕೊಂಡಿದ್ದೆ. ಬಾಯಿ ತುಂಬ ಹುಣ್ಣು, ಕಾಲ್ಬೆರಳು ಸದಾ ಜೋಮು, ಉಗುರು ಕಪ್ಪು. ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅತ್ತೆ ರಾಗಿ ಅಂಬಲಿಯನ್ನು ತೆಳ್ಳಗೆ ಮಾಡಿ, ಪೂರ್ತಿ ಆರಿಸಿ, ಉಪ್ಪು ಹಾಕದೆ ಮಜ್ಜಿಗೆ ಬೆರೆಸಿ ಕೊಡುತ್ತಿದ್ದರು. ಒಂದು ಲೋಟ ಕುಡಿಯಲು ನನಗೆ ಅರ್ಧ ಬೆಳಗು ಬೇಕು. ಅಷ್ಟು ಹೊತ್ತೂ ಎದುರಿಗೆ ಕೂತಿರುತ್ತಿದ್ದರು. ಕೂದಲು ಉದುರಿದಾಗ ಅದನ್ನೆಲ್ಲ ಗುಡಿಸಿ ಉಂಡೆ ಮಾಡಿ, "ಕೂದ್ಲು ತಕ್ಕಳೋ ಪಾತ್ರೆಯೋನು ಬಂದಿದ್ರೆ ಇದುಕ್ಕೆ ಒಂದು ಕೊಡಪಾನ ಕೊಡ್ತಿದ್ದ ಕಣವ್ವ" ಅಂದರು. ಇಬ್ಬರೂ ನಕ್ಕೆವು. ಆಮೇಲೆ ಅವರು ಹಿತ್ತಲಿಗೆ ಹೋಗಿ ತುಂಬ ಹೊತ್ತು ಬರಲಿಲ್ಲ.

ಡಾಕ್ಟರು ಒಂದು ಮಾತನ್ನು ಮಾತ್ರ ಪ್ರತಿ ಸಲವೂ ಹೇಳಿ ಕಳಿಸುತ್ತಿದ್ದರು. "ಜ್ವರ ಬಂದರೆ, ಮೈಮೇಲೆ ಏನಾದರೂ ಎದ್ದರೆ, ಮನೆಯಲ್ಲಿ ಇಟ್ಟುಕೊಂಡು ಕೂರಬೇಡಿ. ಆವತ್ತೇ ಬನ್ನಿ. ರೋಗದ ಜೊತೆ ಹೊಡೆದಾಡೋ ಶಕ್ತಿ ಈಗ ನಿಮ್ಮ ರಕ್ತದಲ್ಲಿ ಇಲ್ಲ."

ಮೂರನೆಯ ಕೀಮೋ ಆದ ಮೇಲೆ ಬಲಗಡೆ ಪಕ್ಕೆಯ ಕೆಳಗೆ ಉರಿ ಶುರುವಾಯಿತು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಸೀರೆ ತಾಗಿದರೂ ಕೆಂಡ ಒತ್ತಿದ ಹಾಗೆ. ಒಂದು ಬೆಳಿಗ್ಗೆ ಬೆನ್ನು ಒರೆಸಲು ಬಂದ ಅತ್ತೆ ಕೈ ನಿಲ್ಲಿಸಿಬಿಟ್ಟರು. ಬೆನ್ನುಮೂಳೆಯಿಂದ ಹೊರಟು ಪಕ್ಕೆ ಬಳಸಿ ಹೊಕ್ಕುಳ ಕಡೆಗೆ ನೀರುಗುಳ್ಳೆಗಳ ಸಾಲು ಎದ್ದಿತ್ತು.

"ಏನತ್ತೆ?"

ಅವರು ಬಾಗಿಲು ಮುಂದೆ ಮಾಡಿ ಬಂದು, ಯಾರೋ ಕೇಳಿಸಿಕೊಳ್ಳುತ್ತಾರೇನೋ ಎಂಬಂತೆ ಪಿಸುಗುಟ್ಟಿದರು. "ಸರ್ಪುಸುತ್ತು ಕಣವ್ವ. ಜೋರಾಗಿ ಅದ್ರ ಎಸ್ರು ಎತ್ತಬ್ಯಾಡ."

ಅದರ ತಲೆ ಬಾಲ ಎರಡೂ ಬಂದು ಕೂಡಿದರೆ ಜೀವ ಉಳಿಯುವುದಿಲ್ಲ ಎಂದು ನಮ್ಮ ಕಡೆ ನಂಬುತ್ತಾರೆ. ಅತ್ತೆಗೆ ಅದು ಬರೀ ನಂಬಿಕೆಯಲ್ಲ. ಅವರ ತಂಗಿ ಮದುವೆಯಾದ ಹೊಸತರಲ್ಲಿ ಹಾಗೆಯೇ ಹೋದಳಂತೆ, ಸೊಂಟ ಪೂರ್ತಿ ಸುತ್ತಿಕೊಂಡಿತ್ತಂತೆ. ನನ್ನ ಗುಳ್ಳೆ ಕಂಡು ಅವರು ಅತ್ತ ರೀತಿ ನೋಡಿ ನನ್ನ ಬಾಯಿಯೂ ಕಟ್ಟಿಹೋಯಿತು. ನನ್ನ ಯಜಮಾನರು ಆಸ್ಪತ್ರೆಗೆ ಹೊರಡೋಣ ಅಂದರು. ಅಷ್ಟರಲ್ಲಿ ಅತ್ತೆ ಸರ್ಪಸುತ್ತಿಗೆ ಮಣ್ಣು ಹಾಕುವ ನಾಗಮಂಗಲದ ಕಡೆಯ ಒಬ್ಬರಿಗೆ ಫೋನು ಮಾಡಿಸಿ ಆಗಿತ್ತು. ಮಧ್ಯಾಹ್ನಕ್ಕೆ ಅವರು ಮೋಟರ್ ಬೈಕಿನಲ್ಲಿ ಬಂದರು. ಕಾಸು ಮುಟ್ಟುವವರಲ್ಲ, ಎಲೆ ಅಡಿಕೆ ತೆಂಗಿನಕಾಯಿ ಅಷ್ಟೆ. ಕೆಮ್ಮಣ್ಣನ್ನು ನೀರಿನಲ್ಲಿ ತೇದು, ತಲೆ ಬಾಲ ಕೂಡದಂತೆ ನಡುಬೆನ್ನಿನಲ್ಲಿ ಒಂದು ತಡೆಗೆರೆ, ಹೊಟ್ಟೆಯ ಮೇಲೆ ಒಂದು ತಡೆಗೆರೆ ಬರೆದು, ನಡುವೆ ಗುಳ್ಳೆಗಳ ಮೇಲೆ ದಪ್ಪಕ್ಕೆ ಬಳಿದರು.

"ಮಣ್ಣು ತಾನಾಗೇ ಉದುರ್ಬೇಕು. ನೀರು ಸೋಕುಸ್ಬ್ಯಾಡಿ, ಬ್ಯಾರೆ ಔಷ್ದಿ ಹಚ್ಬ್ಯಾಡಿ. ಅಲ್ಲಿಗಂಟ ಒಳೆ ದಾಟಬಾರ್ದು. ಅರಿಯೋ ನೀರು ಕಂಡ್ರೆ ಅದು ಬಿರ್ರನೆ ಸುತ್ಕತ್ತದೆ" ಅಂದು ಹೊರಟರು.

ಮಣ್ಣು ತಣ್ಣಗಿತ್ತು. ಎಷ್ಟೋ ದಿನದ ಮೇಲೆ ಉರಿ ಇಳಿಯಿತು. ಓದಿದವಳು, ಊರಿನವರಿಗೆಲ್ಲ ಬುದ್ಧಿ ಹೇಳುವವಳು, ಹಾಯಾಗಿ ಕಣ್ಣು ಮುಚ್ಚಿ ಮಲಗಿಬಿಟ್ಟೆ. ಯಜಮಾನರು ಬಾಗಿಲಲ್ಲಿ ನಿಂತು, "ನಾಳೆ ಓಗ್ಬುಡಾನ ಕಣಮ್ಮಿ" ಅಂದರು. ನಾಳೆ ಅನ್ನುವುದು ಇನ್ನೊಂದು ನಾಳೆಗೆ ಹೋಯಿತು. ಮಣ್ಣು ಉದುರಿರಲಿಲ್ಲ.

ಜ್ವರ ಬಂದದ್ದು ಒಂದು ಮಧ್ಯಾಹ್ನ. ಬಿಸಿಲಲ್ಲಿ ಕೂತವಳಿಗೆ ಹಲ್ಲು ಕಟಕಟನೆ ಹೊಡೆದುಕೊಂಡವು. ಎರಡು ಕಂಬಳಿ ಹೊದೆಸಿದರೂ ನಡುಕ ನಿಲ್ಲಲಿಲ್ಲ. "ಅದು ಇಳೀತಾ ಐತೆ, ಇಳಿಯೋವಾಗ ಕಾವು ಬಂದೇ ಬತ್ತದೆ" ಎಂದು ಅತ್ತೆ ನನ್ನ ಕಾಲು ತಿಕ್ಕುತ್ತಿದ್ದರು. ಯಜಮಾನರು ಜ್ವರ ನೋಡುವ ಕಡ್ಡಿ ತೆಗೆದು ನೋಡಿದವರೇ ಕಾರು ತರಲು ಓಡಿದರು.

ಅತ್ತೆ ಬಾಗಿಲಿಗೆ ಅಡ್ಡ ನಿಂತರು. "ಮಣ್ಣು ಉದುರಿಲ್ಲ ಕಣ್ಲಾ! ಒಳೆ ದಾಟ್ಸಿ ಸಾಯುಸ್ತೀಯಾ ಅವಳ್ನ?"

"ಒಳೆ ದಾಟ್ದೆ ಮೈಸೂರ್ಗೆ ಆರ್ಕೊಂಡು ಓಗ್ಬೇಕಾ ಅವ್ವಾ? ಬೆಳಗೊಳದ ಮ್ಯಾಲೆ ಸುತ್ತಿ ಓದ್ರೂ ಒಳೆ ಒಳೇನೇ! ಬುಡು ದಾರಿ!"

ಈ ಮನೆಗೆ ಬಂದ ಮೇಲೆ ಅವರು ಅವ್ವನಿಗೆ ಹಾಗೆ ಕೂಗಿದ್ದನ್ನು ನಾನು ಕೇಳಿರಲಿಲ್ಲ. ಅತ್ತೆ ಪಕ್ಕಕ್ಕೆ ಸರಿದರು. ಮರುಕ್ಷಣ ಚಪ್ಪಲಿ ಕೂಡ ಹಾಕದೆ ಬಂದು ಕಾರಿನಲ್ಲಿ ನನ್ನ ಪಕ್ಕ ಕೂತರು.

ಕರಿಘಟ್ಟದ ಬೆಟ್ಟ ಕಂಡಿತು. ಅಣೆಕಟ್ಟೆಯಿಂದ ನೀರು ಬಿಟ್ಟಿದ್ದರು. ಶ್ರೀರಂಗಪಟ್ಟಣದ ಸೇತುವೆಯ ಕೆಳಗೆ ಹೊಳೆ ಕೆಂಪಗೆ ಬಂಡೆಗಳನ್ನೆಲ್ಲ ಮುಚ್ಚಿಕೊಂಡು ಹರಿಯುತ್ತಿತ್ತು, ಅದರ ಸದ್ದು ಕಾರಿನ ಒಳಗೂ ಬರುತ್ತಿತ್ತು. ಅತ್ತೆ ಸೆರಗು ಬಿಚ್ಚಿ ನನ್ನ ಹೊಟ್ಟೆ ಬೆನ್ನು ಎರಡನ್ನೂ ಸುತ್ತಿ, ಎರಡೂ ಕೈಯಿಂದ ಬಿಗಿಯಾಗಿ ಅವುಚಿಕೊಂಡರು. ಮೈಮೇಲಿನ ಸರ್ಪಕ್ಕೆ ನೀರು ಕಾಣಬಾರದು. ನನಗೆ ಇದರಲ್ಲೆಲ್ಲ ನಂಬಿಕೆ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಸೆರಗಿನ ಒಳಗೆ ಏನೋ ಹರಿದಾಡಿದ ಹಾಗಾಗಿ ನಾನೂ ಕಣ್ಣು ಮುಚ್ಚಿಕೊಂಡೆ. ಪಟ್ಟಣ ದಾಟಿದ ಮೇಲೆ ಹೊಳೆಯ ಇನ್ನೊಂದು ಕವಲು ಬರುತ್ತದೆ, ಇನ್ನೊಂದು ಸೇತುವೆ. ಅಲ್ಲಿಯೂ ಹಾಗೆಯೇ ಹಿಡಿದುಕೊಂಡಿದ್ದರು.

ಆಸ್ಪತ್ರೆಯಲ್ಲಿ ನರ್ಸಮ್ಮ ಹತ್ತಿಯನ್ನು ಒದ್ದೆ ಮಾಡಿ ಕೆಮ್ಮಣ್ಣು ಬಿಡಿಸತೊಡಗಿದರು. ಮಣ್ಣಿನ ಜೊತೆ ಚರ್ಮವೂ ಬಂತು. ಗುಳ್ಳೆ ಒಡೆದು ಕೀವಾಗಿ, ಸುತ್ತಲೂ ಬೆಂಕಿಯ ಬಣ್ಣಕ್ಕೆ ಊದಿಕೊಂಡಿತ್ತು. ಇಷ್ಟು ದಿನ ಮಣ್ಣಿನ ಕೆಂಪಿನ ಕೆಳಗೆ ಆ ಕೆಂಪು ಯಾರಿಗೂ ಕಂಡಿರಲಿಲ್ಲ. ಡಾಕ್ಟರು ಬಂದವರೇ ನನ್ನನ್ನು ಮಗ್ಗುಲಾಗಿಸಿ ಬೆನ್ನಿನ ಎಡಗಡೆ ನೋಡಿದರು. ಅಲ್ಲಿಯೂ ಎರಡು ಗುಳ್ಳೆ ಎದ್ದಿದ್ದವು. ಇದು ಒಂದು ಪಕ್ಕದಲ್ಲೇ ನಿಲ್ಲಬೇಕಿತ್ತು, ರಕ್ತದಲ್ಲಿ ತಡೆಯುವ ಕಣಗಳು ಇಲ್ಲದ್ದರಿಂದ ಹರಡುತ್ತಿದೆ ಎಂದರು. ಬಾಗಿಲ ಬಳಿ ನಿಂತಿದ್ದ ಅತ್ತೆ ಮಾತು ಪೂರ್ತಿ ಕೇಳಿಸಿಕೊಳ್ಳದೆ ಕುಸಿದು ಕೂತರು.

ಡ್ರಿಪ್ಪಿನ ಮೇಲೆ ಡ್ರಿಪ್ಪು ಏರಿಸಿದರು. ಜ್ವರ ಇಳಿಯಿತು, ಏರಿತು, ಮತ್ತೆ ಇಳಿಯಿತು. ಬದುಕಿಕೊಂಡೆ. ಆದರೆ ಗಾಯ ಪೂರ್ತಿ ಒಣಗುವವರೆಗೆ ಕೀಮೋ ಹಾಕುವ ಹಾಗಿಲ್ಲ ಎಂದರು. ತಿಂಗಳ ಮೇಲಾಯಿತು. ಬಾಯಿಯ ಹುಣ್ಣು ವಾಸಿಯಾಯಿತು, ನಾಲಿಗೆಗೆ ರುಚಿ ಬಂತು, ತಲೆಯ ಮೇಲೆ ನವಿರಾಗಿ ಕೂದಲು ಮೂಡಿತು. ಅರ್ಧ ಮುದ್ದೆ ತಿಂದ ದಿನ ಅತ್ತೆ ಬೀದಿಗೆಲ್ಲ ಹೇಳಿಕೊಂಡು ಬಂದರು. ಎಲ್ಲರೂ ಗೆಲುವಾಗಿದ್ದೀಯಾ ಅನ್ನುತ್ತಿದ್ದರು. ನನಗೆ ಆ ಗೆಲುವನ್ನು ಕಂಡರೇ ಭಯ. ಮದ್ದು ನನ್ನನ್ನು ಬಿಟ್ಟಿದೆ ಅಂದರೆ ಗಂಟನ್ನೂ ಬಿಟ್ಟಿದೆ. ಸ್ನಾನಕ್ಕೆ ಹೋದಾಗ ಆ ಕಡೆ ಸೋಪು ಹಚ್ಚುವುದನ್ನೇ ನಿಲ್ಲಿಸಿದೆ. ಕೊನೆಗೊಂದು ದಿನ ಧೈರ್ಯ ಮಾಡಿ ಬೆರಳಿಟ್ಟೆ. ಯಾರಿಗೂ ಹೇಳಲಿಲ್ಲ.

ಮತ್ತೆ ಕೀಮೋ ಶುರು ಮಾಡುವ ದಿನ ಡಾಕ್ಟರು ಬಹಳ ಹೊತ್ತು ಒತ್ತಿ ನೋಡಿದರು. ಸ್ಕ್ಯಾನನ್ನೂ ನೋಡಿದರು. "ಮತ್ತೆ ಬೆಳೆದಿದೆ. ಬೇರೆ ಮದ್ದು ಹಾಕಿ ನೋಡೋಣ. ಆಪರೇಷನ್ ಬಗ್ಗೆ ಈಗ ಏನೂ ಹೇಳಲಾರೆ."

"ನಡುವೆ ನಿಲ್ಲಿಸಿದ್ದಕ್ಕೇನಾ ಸಾರ್?"

"ಅದಕ್ಕೇ ಅಂತ ಖಂಡಿತವಾಗಿ ಹೇಳೋಕೆ ಆಗಲ್ಲ" ಅಂದರು. ಸ್ಕ್ಯಾನನ್ನು ಕವರಿಗೆ ಹಾಕುತ್ತಾ, "ಅಲ್ಲ ಅಂತಲೂ ಹೇಳೋಕೆ ಆಗಲ್ಲ."

ಹೊರಗೆ ಬೆಂಚಿನ ಮೇಲೆ ಅತ್ತೆ ಒಬ್ಬರೇ ಕೂತಿದ್ದರು. ನನ್ನನ್ನು ಕಂಡೊಡನೆ ಎದ್ದು ಬಂದು ಎರಡೂ ಕೈ ಹಿಡಿದುಕೊಂಡರು. ಏನಂದರು ಡಾಕ್ಟರು ಎಂದು ಕೇಳಲಿಲ್ಲ. ನನ್ನ ಮುಖವನ್ನೇ ನೋಡುತ್ತಾ, "ನಾನು ಮಣ್ಣು ಆಕ್ಸುದ್ನಲ್ಲ ಮಗಾ, ಅದ್ರಿಂದ ನಿಂಗೇನಾರ ಕೆಡುಕಾಯ್ತಾ? ನಿಜ ಯೋಳು" ಅಂದರು.

ಬಾಯಿಗೆ ಬಂದದ್ದನ್ನು ಆಡದೆ ಬಿಟ್ಟವಳಲ್ಲ ನಾನು. ಈ ಅತ್ತೆಯ ಜೊತೆ ಒಂದು ಲೋಟ ಎಲ್ಲಿಟ್ಟರು ಎನ್ನುವುದಕ್ಕೂ ಜಗಳ ಆಡಿದ್ದೇನೆ. ಒಳಗೆ ಸಿಟ್ಟು ಬೇಕಾದಷ್ಟಿತ್ತು, ಈಗಲೂ ಇದೆ.

"ಇಲ್ಲ ಕಣತ್ತೆ" ಅಂದೆ. "ಗಂಟು ಕರಗ್ತಾ ಐತಂತೆ."