ಚಕ್ರದ ಕೆಳಗಿನ ದ್ರಾಕ್ಷಿ

ಮಿಷಿಗನ್ನಿನ ನಾರ್ತ್‌ವಿಲ್‌ನ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಇಂಗ್ಲೆಂಡಿನ ಒಂದು ಸಣ್ಣ ರೈಲು ನಿಲ್ದಾಣವಿದೆ. ಅಂಗೈಯಗಲದ ಟಿಕೆಟ್ ಆಫೀಸು, ಅದರ ಹಿಂದೆ ಬೇಲಿ, ಬೇಲಿಯಾಚೆ ಒಂದು ಹೊಲ. ಹೊಲದ ಮಣ್ಣು ನಮ್ಮನೆಯದೇ ಕಾಫಿ ಚರಟ. ಫಿಲ್ಟರ್‌ನಿಂದ ತೆಗೆದು, ಓವನ್ನಿನಲ್ಲಿ ಒಣಗಿಸಿ, ಅಂಟಿನ ಮೇಲೆ ಉದುರಿಸಿದ್ದು. ಸರಿಯಾಗಿ ಒಣಗದಿದ್ದರೆ ಬೂಷ್ಟು ಹಿಡಿಯುತ್ತದೆ. ಒಮ್ಮೆ ಹಾಗೆ ಹಿಡಿದು, ಇಡೀ ಹೊಲವನ್ನು ಕೆರೆದು ಕಸಕ್ಕೆ ಹಾಕಿದ್ದೇನೆ.

ಮದುವೆಗೆ ಮುಂಚೆ ಕೆಲವು ವರ್ಷ ನಾನು ಇಂಗ್ಲೆಂಡಿನಲ್ಲಿ ಕಾರಿನ ಗೇರುಗಳ ಕೆಲಸ ಮಾಡುತ್ತಿದ್ದೆ. ಒಂದು ಶನಿವಾರ ಹೊರಗೆ ಚಳಿ ತಡೆಯಲಾರದೆ, ಶಾಲೆಯೊಂದರ ಹಾಲ್‌ನಲ್ಲಿ ನಡೆಯುತ್ತಿದ್ದ ಮಾದರಿ ರೈಲುಗಳ ಪ್ರದರ್ಶನದೊಳಗೆ ಹೊಕ್ಕೆ. ಹೊಕ್ಕವಳು ಇನ್ನೂ ಆಚೆ ಬಂದಿಲ್ಲ. ಈಗ ಆಬರ್ನ್ ಹಿಲ್ಸ್‌ನಲ್ಲಿ ಅದೇ ಗೇರುಗಳ ಕೆಲಸ, ಮನೆಗೆ ಬಂದರೆ ಬೇಸ್‌ಮೆಂಟಿನಲ್ಲಿ ಅದಕ್ಕಿಂತ ಚಿಕ್ಕ ಗೇರುಗಳು.

ಮನೆಗೊಂದು ಅಡುಗೆ ತಂದು ಕೂಡಿ ಉಣ್ಣುವ ಪಾಟ್‌ಲಕ್‌ಗಳಲ್ಲಿ ಇದು ಎಲ್ಲರಿಗೂ ಒಂದು ತಮಾಷೆ. "ನನ್ನ ಹೆಂಡ್ತಿ ರೈಲು ಬಿಡ್ತಾಳೆ ಕಣ್ರೋ" ಎಂದು ನನ್ನ ಗಂಡ ಪ್ರತಿ ಸಲವೂ ಹೇಳುತ್ತಾರೆ, ಜನ ಪ್ರತಿ ಸಲವೂ ಮೊದಲ ಸಲ ಕೇಳಿದಂತೆ ನಗುತ್ತಾರೆ. ಯಾರಾದರೊಬ್ಬ ಅಂಕಲ್ ಕೇಳಿಯೇ ಕೇಳುತ್ತಾರೆ: "ಅಲ್ಲಮ್ಮಾ, ನಾವು ಇಂಡಿಯಾದವರು, ಇರೋದು ಅಮೆರಿಕಾದಲ್ಲಿ, ಬ್ರಿಟಿಷ್ ರೈಲು ಯಾಕೆ? ಅವರು ಇನ್ನೂರು ವರ್ಷ ಆಳಿದ್ದು ಸಾಲ್ದಾ?" ನಾನು, "ನೀವು ಕ್ರಿಕೆಟ್ ನೋಡೋದು ನಿಲ್ಲಿಸಿ ಅಂಕಲ್, ಮಾರನೇ ದಿನ ನಾನೂ ಇದನ್ನ ನಿಲ್ಲಿಸ್ತೀನಿ" ಅನ್ನುತ್ತೇನೆ. ತಮಾಷೆಯಿಂದ ನನಗೆ ನೋವಾಗುವುದಿಲ್ಲ. "ಆಟದ ಸಾಮಾನು" ಎಂದರೆ ಮಾತ್ರ ಮೈ ಉರಿಯುತ್ತದೆ. ಮದುವೆಯಾದ ಲಾಗಾಯ್ತು ಅದನ್ನೇ ಕೇಳುತ್ತಿದ್ದೇನೆ.

ಇಲ್ಲಿ ಇದನ್ನು ಮಾಡುವುದು ಸುಲಭವೂ ಅಲ್ಲ. ಮಿಷಿಗನ್ನಿನ ಅಂಗಡಿಗಳಲ್ಲಿ ಸಿಗುವುದೆಲ್ಲ ಅಮೆರಿಕದ ರೈಲುಗಳು. ಇಂಗ್ಲೆಂಡಿನ ಅಂಗಡಿಯವರು ಎಂಜಿನ್ ಬೇಕಾದರೆ ಪೋಸ್ಟ್ ಮಾಡುತ್ತಾರೆ, ಅದಕ್ಕೆ ಬಳಿಯುವ ಹಸಿರು ಬಣ್ಣವನ್ನು ಮಾತ್ರ ಕಳಿಸುವುದಿಲ್ಲ. ಅದು ಬೆಂಕಿ ಹತ್ತುವ ವಸ್ತುವಂತೆ, ವಿಮಾನಕ್ಕೆ ಹಾಕುವ ಹಾಗಿಲ್ಲವಂತೆ. ಹೀಗೆ ಪರದಾಡುವವರೆಲ್ಲ ಸೇರಿ ಒಂದು ಗುಂಪಾಗಿದ್ದೇವೆ. ಡೆಟ್ರಾಯಿಟ್ ಕಡೆಯವರು ಕೆಲವರು, ಶಿಕಾಗೋ ಕಡೆಯವರು ಕೆಲವರು. ವರ್ಷಕ್ಕೊಮ್ಮೆ ಶರತ್ಕಾಲದಲ್ಲಿ ಶಿಕಾಗೋದ ಹೊರವಲಯದ ಒಂದು ಚರ್ಚ್ ಹಾಲ್‌ನಲ್ಲಿ ಕೂಡಿ, ನಮ್ಮ ನಮ್ಮ ರೈಲುಗಳನ್ನು ಓಡಿಸಿ, ಬಂದವರಿಗೆ ಟೀ ಕೊಡುತ್ತೇವೆ.

ನಮ್ಮ ಗುಂಪಿಗೆ ಹಿರಿಯರೊಬ್ಬರಿದ್ದಾರೆ. ಇಂಗ್ಲೆಂಡಿನಲ್ಲಿ ಹುಟ್ಟಿ, ಶಿಕಾಗೋಗೆ ಬಂದು, ಜೀವಮಾನವಿಡೀ ಹಲ್ಲಿನ ಡಾಕ್ಟರಾಗಿದ್ದವರು. ಸವೆದ ಡೆಂಟಲ್ ಕಡ್ಡಿಗಳಲ್ಲೇ ಹಿತ್ತಾಳೆ ತಗಡನ್ನು ಮಡಿಸಿ, ಬೆಸೆದು ಎಂಜಿನ್ ಕಟ್ಟುತ್ತಿದ್ದರು. ಮಹಾ ಶಿಸ್ತಿನ ಮನುಷ್ಯ. ಬಾಗಿಲು ತೆರೆದು ಜನ ಒಳಗೆ ಬಂದ ಮೇಲೆ ರೈಲಿಗೆ ಯಾರೂ ಕೈ ಹಾಕಬಾರದು, ಇದು ಅವರದೇ ಕಾನೂನು. "ಆಕಾಶದಿಂದ ಒಂದು ಕೈ ಇಳಿದು ಬಂದರೆ ಊರು ಊರಾಗಿ ಉಳಿಯೋದಿಲ್ಲ" ಎನ್ನುತ್ತಿದ್ದರು. ಎಂಜಿನ್ ನಿಂತುಹೋದರೆ ನಿಂತೇ ಇರಲಿ, ಜನ ಹೋಗುವವರೆಗೆ ಅವಮಾನ ಅನುಭವಿಸಿ!

ಕಳೆದ ಬೇಸಿಗೆಯಲ್ಲಿ ಅವರು ತಮ್ಮ ಎಂಜಿನ್‌ಗಳನ್ನೆಲ್ಲ ಗುಂಪಿನವರಿಗೆ ಹಂಚಿಬಿಟ್ಟರು. ಕೈ ನಡುಗಲು ಶುರುವಾಗಿತ್ತು. ಟೀ ಕಪ್ಪನ್ನೂ ಎರಡು ಕೈಯಲ್ಲಿ ಹಿಡಿಯಬೇಕು. ಯಾರೂ ನೋಡಬಾರದೆಂದು ಕೈಗಳನ್ನು ಯಾವಾಗಲೂ ಕೋಟಿನ ಜೇಬಿನಲ್ಲೇ ಇಟ್ಟುಕೊಂಡಿರುತ್ತಿದ್ದರು. ನನ್ನ ಪಾಲಿಗೆ ಬಂದದ್ದು ಆರು ಚಕ್ರದ ಒಂದು ಪುಟ್ಟ ಹಸಿರು ಎಂಜಿನ್. ಅವರು ಕಟ್ಟಿದ್ದರಲ್ಲೇ ಮೊದಲನೆಯದು. "ಶೋಕೇಸಿನಲ್ಲಿ ಇಡಬೇಡ, ಓಡಿಸು. ಈ ಸಲದ ಕೂಟಕ್ಕೆ ತಾ. ಓಡೋದನ್ನು ಒಂದು ಸಲ ನೋಡ್ತೇನೆ" ಎಂದರು. ಮುಂದಿನ ವರ್ಷ ಅವರು ಮಗಳ ಮನೆಗೆ, ಬೇರೆ ರಾಜ್ಯಕ್ಕೆ ಹೋಗುವವರಿದ್ದರು. ಒಂದು ಸಲ ಎಂದರೆ ಒಂದೇ ಸಲ ಎಂದು ನನಗೆ ಅರ್ಥವಾಯಿತು.

ನಮ್ಮತ್ತೆ ಆಗ ಮೈಸೂರಿನಿಂದ ಬಂದಿದ್ದರು. ನವರಾತ್ರಿಗೆ ಲಿವಿಂಗ್ ರೂಮಿನಲ್ಲಿ ಮೆಟ್ಟಿಲು ಜೋಡಿಸಿ ಗೊಂಬೆ ಕೂರಿಸಿದರು. ಪಕ್ಕದಲ್ಲಿ ರಾಗಿ ಮೊಳಕೆಯ ಪಾರ್ಕ್ ಬೇರೆ. ಒಂದು ಸಂಜೆ ಬೇಸ್‌ಮೆಂಟಿಗೆ ಇಳಿದು ಬಂದು, "ಆ ಹಸಿರು ರೈಲು ಕೊಡೇ, ಪಾರ್ಕಲ್ಲಿ ಇಟ್ರೆ ಎಷ್ಟು ಲಕ್ಷಣವಾಗಿರತ್ತೆ" ಎಂದರು. ನಾನು ತಟ್ಟನೆ, "ಅದು ಗೊಂಬೆ ಅಲ್ಲ ಅತ್ತೆ, ಮೆಷೀನು" ಎಂದೆ. ನನ್ನ ದನಿ ಒರಟಾಗಿಯೇ ಇತ್ತು. ಅವರು ಎಂಜಿನ್ನನ್ನು ಒಂದು ಗಳಿಗೆ ನೋಡಿ, "ಸರಿ" ಎಂದು ಮೇಲೆ ಹೋದರು.

ಆಯುಧಪೂಜೆ ಇಲ್ಲಿ ಕೆಲಸದ ದಿನ. ನಾನು ಆಫೀಸಿಗೆ ಹೋಗಿದ್ದೆ, ಗಂಡ ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಸಂಜೆ ಬಂದಾಗ ಗರಾಜಿನಲ್ಲಿ ವ್ಯಾನಿಗೆ ಚೆಂಡುಹೂವಿನ ಹಾರ, ಅಡುಗೆಮನೆಯಲ್ಲಿ ಮಿಕ್ಸಿ, ಕುಕ್ಕರ್, ಈಳಿಗೆ ಎಲ್ಲಕ್ಕೂ ಅರಿಶಿನ ಕುಂಕುಮ. ಲ್ಯಾಪ್‌ಟಾಪಿನ ನೆತ್ತಿಗೂ ಒಂದು ಬೊಟ್ಟು. ಖುಷಿಯಾಗಿ ಬೇಸ್‌ಮೆಂಟಿಗೆ ಇಳಿದೆ. ಅಲ್ಲಿ ಹಸಿರು ಎಂಜಿನ್ ಹಳಿಯ ಮೇಲೆ ಮೂತಿ ಎತ್ತಿಕೊಂಡು ಓರೆಯಾಗಿ ನಿಂತಿತ್ತು. ಮೈಯೆಲ್ಲ ಗಂಧ ಕುಂಕುಮ, ಚಕ್ರಗಳ ಸಂದಿಯಲ್ಲಿ ಅಕ್ಷತೆ, ಕೆಳಗೆ ಏನೋ ಒದ್ದೆ. ಸುಟ್ಟ ವಾಸನೆ ಮೂಗಿಗೆ ಬಡಿಯಿತು.

"ಯಾರು ಇದನ್ನ ಮುಟ್ಟಿದ್ದು?" ನನ್ನ ಕೂಗಿಗೆ ಇಬ್ಬರೂ ಓಡಿ ಬಂದರು.

"ನಾನೇ ಕಣೇ, ಪೂಜೆ ಮಾಡ್ದೆ" ಎಂದರು ಅತ್ತೆ. "ವ್ಯಾನಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟ ಹಾಗೆ ಇದಕ್ಕೂ ಇಡೋಣ ಅಂದ್ರೆ, ನಿಂಬೆಹಣ್ಣೇ ಇದಕ್ಕಿಂತ ದಪ್ಪ ಆಗೋಯ್ತು. ಅದಕ್ಕೇ ಒಂದು ದ್ರಾಕ್ಷಿ ಇಟ್ವಿ."

"ದ್ರಾಕ್ಷಿ!"

"ಮೊದ್ಲು ಹತ್ಲಿಲ್ಲ ಕಣೇ" ಎಂದರು ಗಂಡ. "ಅದಕ್ಕೆ ನಾನು ಗುಂಡೀನ ಸ್ವಲ್ಪ ಜೋರಾಗಿ ತಿರುಗಿಸ್ದೆ."

"ತಲೆಗಿಲೆ ಕೆಟ್ಟಿದೆಯೇನ್ರೀ ನಿಮ್ಗೆ? ಶನಿವಾರ ಶಿಕಾಗೋದಲ್ಲಿ ಇದು ಅವರ ಮುಂದೆ ಓಡಬೇಕು! ಅತ್ತೆ, ನಿಮಗೆ ಇದನ್ನ ಮುಟ್ಟಿ ಅಂತ ಹೇಳಿದ್ದು ಯಾರು?"

ಅತ್ತೆ ದನಿ ಏರಿಸಲಿಲ್ಲ. "ನೀನೇ ಅಲ್ವೇನೇ? ಇದು ಗೊಂಬೆ ಅಲ್ಲ, ಮೆಷೀನು ಅಂದೆ. ಮನೇಲಿರೋ ಮೆಷೀನಿಗೆಲ್ಲ ಪೂಜೆ ಮಾಡಿ ಇದೊಂದನ್ನ ಬಿಡೋಕಾಗತ್ತಾ?"

ಇಷ್ಟು ವರ್ಷದಲ್ಲಿ ನನ್ನ ಮಾತನ್ನು ನಿಜವೆಂದು ತೆಗೆದುಕೊಂಡು, ನನ್ನ ರೈಲನ್ನು ಮಿಕ್ಸಿ ಕುಕ್ಕರ್‌ಗಳ ಸಾಲಿನಲ್ಲಿ, ದುಡಿಯುವ ವಸ್ತುಗಳ ಸಾಲಿನಲ್ಲಿ ಇಟ್ಟವರು ಅವರೊಬ್ಬರೇ. ಅಳು ಬಂದಂತಾಯಿತು. ಆದರೆ ಸಿಟ್ಟೇನೂ ಇಳಿಯಲಿಲ್ಲ, ಸುಳ್ಳು ಯಾಕೆ ಹೇಳಲಿ. ಮರ್ಯಾದೆ ಸಿಕ್ಕಿತ್ತು, ಎಂಜಿನ್ ಸತ್ತಿತ್ತು.

ಮರುದಿನ ಸಂಜೆ ಆಫೀಸಿನಿಂದ ಬಂದವಳೇ ಮೇಜಿಗೆ ಕೂತು ಎಂಜಿನ್ ಬಿಚ್ಚಿದೆ. ದ್ರಾಕ್ಷಿಯ ಸಿಪ್ಪೆ ಗೇರಿಗೆ ಸುತ್ತಿಕೊಂಡು, ರಸ ಕುಂಕುಮದ ಜೊತೆ ಸೇರಿ ಪಾಕವಾಗಿತ್ತು. ಹಳೇ ಹಲ್ಲುಜ್ಜುವ ಬ್ರಷ್ಷು, ಸ್ಪಿರಿಟ್ಟು, ಆ ಹಿರಿಯರೇ ಕೊಟ್ಟಿದ್ದ ಡೆಂಟಲ್ ಕಡ್ಡಿ ಹಿಡಿದು ಉಜ್ಜುತ್ತಾ ಕೂತೆ. ಅತ್ತೆ ಕರೆಯದೆಯೇ ಬಂದು ಎದುರಿಗೆ ಕೂತರು. ತಲೆಯಿಂದ ಒಂದು ಹೇರ್‌ಪಿನ್ ತೆಗೆದು, ಕಲ್ಲಿದ್ದಲ ತೊಟ್ಟಿಯೊಳಗೆ ಸಿಕ್ಕಿದ್ದ ಅಕ್ಷತೆಯನ್ನು ಒಂದೊಂದಾಗಿ ಎಬ್ಬಿಸತೊಡಗಿದರು.

"ಇದನ್ನ ಕೈಯಲ್ಲೇ ಮಾಡಿದ್ದಾ?" ಎಂದರು ಕೊನೆಗೆ.

"ಹೂಂ. ಹಲ್ಲಿನ ಡಾಕ್ಟರು. ಈಗ ಕೈ ನಡುಗತ್ತೆ ಅತ್ತೆ, ಒಂದು ಸ್ಕ್ರೂ ಹಿಡಿಯೋಕಾಗಲ್ಲ. ಅದಕ್ಕೇ ಎಲ್ಲ ಕೊಟ್ಬಿಟ್ರು."

ಅವರ ಹೇರ್‌ಪಿನ್ ನಿಂತಿತು. "ಅಯ್ಯೋ ಪಾಪ" ಎಂದು ಎಂಜಿನ್ನಿನ ಮೇಲೆ ಬೆರಳಾಡಿಸಿದರು. ಆಮೇಲೆ, "ಶನಿವಾರ ನಾನೂ ಬರ್ತೀನಿ. ಶಿಕಾಗೋದ ಡೆವನ್ ಅವೆನ್ಯೂನ ಇಂಡಿಯನ್ ಅಂಗಡೀಲಿ ಒಳ್ಳೆ ವೀಳ್ಯದೆಲೆ ಸಿಗತ್ತಂತಲ್ಲ" ಎಂದರು.

ಮೋಟಾರು ಪೂರ್ತಿ ಸುಟ್ಟಿರಲಿಲ್ಲ, ನನ್ನ ಪುಣ್ಯ. ಶುಕ್ರವಾರದ ಹೊತ್ತಿಗೆ ಎಂಜಿನ್ ಓಡಿತು. ಓಡಿತು ಎಂದರೆ, ಆಗಾಗ ಕಾರಣವಿಲ್ಲದೆ ಮುನಿಸಿಕೊಂಡು ನಿಲ್ಲುತ್ತಿತ್ತು. ಎಲ್ಲೋ ಕಣ್ಣಿಗೆ ಕಾಣದ ಒಂದು ಚೂರು ಇನ್ನೂ ಉಳಿದಿತ್ತು. ಹೊಗೆಗೂಡಿನ ಬುಡದಲ್ಲಿ ಕುಂಕುಮದ ಕೆಂಪು ಹಸಿರು ಬಣ್ಣದೊಳಕ್ಕೇ ಇಳಿದಿತ್ತು. ಉಜ್ಜಿದರೆ ಹಸಿರೂ ಏಳುತ್ತದೆ, ಆ ಹಸಿರು ಈ ದೇಶದಲ್ಲಿ ಸಿಗುವುದಿಲ್ಲ. ಹಾಗೇ ಬಿಟ್ಟೆ.

ಶನಿವಾರ ಬೆಳಿಗ್ಗೆ ನಿಲ್ದಾಣ, ಹೊಲ, ಹಳಿಗಳನ್ನೆಲ್ಲ ಹಲಗೆ ಹಲಗೆಯಾಗಿ ಕಳಚಿ ವ್ಯಾನಿಗೆ ಹೇರಿ, ಅತ್ತೆಯೂ ನಾನೂ ಇಬ್ಬರೇ ಹೊರಟೆವು. ಪೂಜೆಯ ನಂತರ ಗಂಡನಿಗೆ ಆ ಕಡೆ ತಲೆ ಹಾಕುವ ಧೈರ್ಯವಿರಲಿಲ್ಲ. ಎಂಜಿನ್ನಿನ ಡಬ್ಬಿಯನ್ನು ಅತ್ತೆ ಐದು ಗಂಟೆ ದಾರಿಯುದ್ದಕ್ಕೂ ತೊಡೆಯ ಮೇಲೇ ಇಟ್ಟುಕೊಂಡಿದ್ದರು. ಹಿಂದಿನ ಸೀಟಿನಲ್ಲಿಡಿ ಎಂದರೆ ಕೇಳಲಿಲ್ಲ.

ಹಾಲ್‌ನಲ್ಲಿ ಆ ಹಿರಿಯರು ನಾನು ಜೋಡಿಸಿಟ್ಟ ನಿಲ್ದಾಣದ ಎದುರಿಗೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಕೈಗಳು ಜೇಬಿನಲ್ಲಿ. ಎಂಜಿನ್ನನ್ನು ಅವರ ಮುಖದ ಹತ್ತಿರ ಹಿಡಿದೆ. ನೋಡಿದವರೇ, "ಇದೇನು ಕೆಂಪು?" ಎಂದರು. ಬೇರೆ ದಾರಿಯಿರಲಿಲ್ಲ, ಗೊಂಬೆಯಿಂದ ದ್ರಾಕ್ಷಿಯವರೆಗೆ ಎಲ್ಲ ಹೇಳಿಬಿಟ್ಟೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕೆಮ್ಮು ಬರುವಷ್ಟು ನಕ್ಕರು. ನಕ್ಕು ಮುಗಿದ ಮೇಲೆ ಅತ್ತೆಯನ್ನೇ ನೋಡುತ್ತಾ, "ನಮ್ಮ ಮನೆಯಲ್ಲಿ ಇವನ್ನು ಕೊನೆಯವರೆಗೂ ಟಾಯ್ಸ್ ಅಂತಲೇ ಕರೆದರು" ಎಂದರು. ಅತ್ತೆಗೆ ಅದನ್ನು ಕನ್ನಡದಲ್ಲಿ ಹೇಳಿದೆ. ಅವರು ಸೀರೆಯ ಮೇಲಿನ ಸ್ವೆಟರ್ ಸರಿಮಾಡಿಕೊಂಡು, ತಂದಿದ್ದ ಕೋಡುಬಳೆಯ ಡಬ್ಬಿಯನ್ನು ಅವರ ಪಕ್ಕದ ಮೇಜಿನ ಮೇಲಿಟ್ಟರು.

ಬಾಗಿಲು ತೆರೆಯಿತು, ಜನ ಬಂದರು. ಹಸಿರು ಎಂಜಿನ್ ಎರಡು ಬೋಗಿಗಳನ್ನು ಎಳೆದುಕೊಂಡು ಸುರಂಗದಿಂದ ಹೊರಬಂತು, ಸೇತುವೆ ದಾಟಿತು, ಕಾಫಿ ಚರಟದ ಹೊಲದ ಪಕ್ಕ ಹಾದು ನಿಲ್ದಾಣದ ಕಡೆ ತಿರುಗಿತು. ಹಿರಿಯರು ಮುಂದಕ್ಕೆ ಬಾಗಿದರು. ಸರಿಯಾಗಿ ಅವರ ಮುಂದೆ, ಪ್ಲಾಟ್‌ಫಾರಂ ಇನ್ನೊಂದು ಗೇಣಿದೆ ಎನ್ನುವಾಗ ನಿಂತುಬಿಟ್ಟಿತು.

ಗುಂಡಿ ತಿರುಗಿಸಿದೆ. ಇಲ್ಲ. ಹಿಂದಕ್ಕೆ ತಿರುಗಿಸಿ ಮತ್ತೆ ಮುಂದಕ್ಕೆ ತಿರುಗಿಸಿದೆ. ಊಹೂಂ. ಜನ ಕಾಯುತ್ತಿದ್ದರು. ಒಂದು ಸಲ ನೋಡ್ತೇನೆ ಎಂದಿದ್ದರು, ಅದನ್ನೂ ತೋರಿಸಲಾಗಲಿಲ್ಲವಲ್ಲ.

"ಅವರ ಕೈಲಿ ಒಂದ್ಸಲ ಮುಟ್ಸೇ" ಎಂದರು ಅತ್ತೆ, ಹಾಲ್‌ಗೆಲ್ಲ ಕೇಳುವ ಹಾಗೆ. "ಮಾಡಿದ ಕೈ ಅಲ್ವಾ ಅದು. ಅವರ ಕೈಗುಣಕ್ಕೇ ಓಡತ್ತೆ."

"ಸುಮ್ನಿರಿ ಅತ್ತೆ. ಇಲ್ಲಿ ಯಾರೂ ಕೈ ಹಾಕೋ ಹಾಗಿಲ್ಲ."

"ಏನಂತಾರೆ ಅವರು?" ಎಂದು ಹಿರಿಯರು ಕೇಳಿದರು. ಏನೋ ಒಂದು ಹೇಳಿ ದಾಟಿಸಬಹುದಿತ್ತು. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. ಅವರು ಅಂದದ್ದನ್ನು ಅಂದ ಹಾಗೇ ಹೇಳಿದೆ.

ಹಿರಿಯರ ಬಲಗೈ ಜೇಬಿನಿಂದ ಹೊರಗೆ ಬಂತು. ನಾನು ಅಂದುಕೊಂಡದ್ದಕ್ಕಿಂತ ಹೆಚ್ಚು ನಡುಗುತ್ತಿತ್ತು. ಟಿಕೆಟ್ ಆಫೀಸಿನ ಮೇಲೆ, ಬೇಲಿಯ ಮೇಲೆ ಹಾದು ಆ ಕೈ ಇಳಿದು ಬಂತು. ತೋರುಬೆರಳು ಎಂಜಿನ್ನಿನ ಮೇಲೆ, ಆ ಕೆಂಪಿನ ಹತ್ತಿರ ಕೂತಿತು. ಬೆರಳಿನ ನಡುಕ ಎಂಜಿನ್ನಿಗೆ ಇಳಿದು, ಚಕ್ರಗಳು ಹಳಿಯ ಮೇಲೆ ಟಕಟಕ ಎಂದವು. ಆ ನಡುಕಕ್ಕೇ ಎಲ್ಲಿ ಏನು ಸರಿಯಿತೋ, ಎಂಜಿನ್ ಅವರ ಬೆರಳ ಕೆಳಗಿನಿಂದ ಮೆಲ್ಲಗೆ ಹೊರಟು, ಎರಡು ಬೋಗಿಗಳನ್ನೂ ಎಳೆದುಕೊಂಡು ಪ್ಲಾಟ್‌ಫಾರಂ ಸೇರಿತು.

"ನಾನು ಹೇಳ್ಲಿಲ್ವಾ" ಎಂದರು ಅತ್ತೆ. ನಾನು ಕಣ್ಣೊರೆಸಿಕೊಂಡೆ.

ಆ ಮಧ್ಯಾಹ್ನ ಹಿರಿಯರು ಕೈಯನ್ನು ಮತ್ತೆ ಜೇಬಿಗೆ ಹಾಕಲಿಲ್ಲ. ನಿಂತದ್ದನ್ನೆಲ್ಲ ಮುಟ್ಟಿದರು, ಓಡುತ್ತಿದ್ದದ್ದನ್ನೂ ಮುಟ್ಟಿದರು. ನಡುವೆ ಎರಡು ಕೋಡುಬಳೆ ತಿಂದು, ಎಣ್ಣೆ ಕೈಯಲ್ಲೇ ನನ್ನ ಎರಡು ಬೋಗಿಗಳನ್ನು ಹಳಿ ತಪ್ಪಿಸಿದರು. ಅವರದೇ ಕಾನೂನನ್ನು ಯಾರೂ ಅವರಿಗೆ ನೆನಪಿಸಲಿಲ್ಲ.