ಬಿಸಿ ತಿಳಿಯದ ಕೈ

ವೆಲಿಕಾ ನನ್ನ ಓರಗಿತ್ತಿ. ಮನೆಯ ಹಿರಿಯ ಮಗ ಬ್ಲಾಗೋಯ್‌ನ ಹೆಂಡತಿ ಅವಳು, ಕಿರಿಯವನ ಹೆಂಡತಿ ನಾನು, ದೊನ್ಕಾ. ಸ್ತ್ರುಮಿತ್ಸಾ ಊರಿನಲ್ಲಿ ಒಂದೇ ಅಂಗಳದ ಎರಡು ಬದಿಗೆ ನಮ್ಮಿಬ್ಬರ ಮನೆಗಳು, ನಡುವೆ ಅತ್ತೆ ತ್ರೆನಾ ಅವರ ಕೋಣೆ.

ಸೆಪ್ಟೆಂಬರ್ ಬಂತೆಂದರೆ ಓಣಿಯ ಎಲ್ಲ ಅಂಗಳಗಳಲ್ಲೂ ಕಬ್ಬಿಣದ ಒಲೆ ಹೊತ್ತಿಸುತ್ತಾರೆ. ಚಳಿಗಾಲಕ್ಕೆ ಬೇಕಾದ ಅಯ್ವಾರ್ ಎಂಬ ಗೊಜ್ಜು ಮಾಡಲು ಮೂಟೆಗಟ್ಟಲೆ ಕೆಂಪು ದೊಣ್ಣೆಮೆಣಸನ್ನು ಸುಟ್ಟು, ಸಿಪ್ಪೆ ಸುಲಿದು, ಅರೆದು, ಎಣ್ಣೆ ಹಾಕಿ ಗಂಟೆಗಟ್ಟಲೆ ಕೈಯಾಡಿಸಬೇಕು. ಸಿಪ್ಪೆಯನ್ನು ಬಿಸಿಯಿರುವಾಗಲೇ ಸುಲಿದರೆ ಚೆನ್ನ. ನಾವೆಲ್ಲ ಒಂದು ಕಾಯಿ ಸುಲಿದು ಬೆರಳಿಗೆ ಉಫ್ ಎಂದು ಊದಿಕೊಳ್ಳುತ್ತಿದ್ದೆವು, ತಣ್ಣೀರಿಗೆ ಅದ್ದುತ್ತಿದ್ದೆವು. ವೆಲಿಕಾ ಮಾತ್ರ ಒಲೆಯಿಂದ ಇಳಿದ ಕಾಯನ್ನು ಹಾಗೇ ಹಿಡಿದು ಸರಸರನೆ ಸುಲಿದು ಹಾಕುತ್ತಿದ್ದಳು.

"ಇವಳದು ಕಬ್ಬಿಣದ ಕೈ ಬಿಡ್ರೇ" ಎಂದು ಅಕ್ಕಪಕ್ಕದವರು ಹೊಗಳುತ್ತಿದ್ದರು. ಅವಳು ತಲೆ ತಗ್ಗಿಸಿ ನಗುತ್ತಿದ್ದಳು. ಮಾತು ಕಡಿಮೆಯ ಹೆಂಗಸು. ನಾಲ್ಕು ಜನರೆದುರು ಹೊಗಳಿಸಿಕೊಂಡದ್ದು ಅವಳ ಬಾಳಿನಲ್ಲಿ ಹೆಚ್ಚೇನಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಅವಳೂ ನಮ್ಮಂತೆ ಬೆರಳಿಗೆ ಊದಿಕೊಳ್ಳುತ್ತಿದ್ದಳು ಎಂಬುದು ಯಾರಿಗೂ ನೆನಪಾಗಲಿಲ್ಲ.

ಒಂದು ಸೆಪ್ಟೆಂಬರ್‌ನಲ್ಲಿ ಅವಳು ಒಲೆಯ ಮುಂದೆ ಕೂತು ಕಾಯಿಗಳನ್ನು ಮಗುಚುತ್ತಾ ನನ್ನೊಡನೆ ಏನೋ ಮಾತಾಡುತ್ತಿದ್ದಳು. ಬಲಗೈ ಒಲೆಯ ಅಂಚಿನ ಮೇಲಿತ್ತು. ಕಿಟಕಿಯ ಬಳಿ ಕೂತಿದ್ದ ಅತ್ತೆ ಮೂಗರಳಿಸಿದರು.

"ಯಾರೇ ಅದು ಮಾಂಸ ಸುಡ್ತಿರೋದು?"

"ಮಾಂಸ ಎಲ್ಲಿಂದ ಬರ್ಬೇಕು ಅತ್ತೆ, ಮೆಣಸು ಅದು" ಎಂದಳು ವೆಲಿಕಾ.

ಅತ್ತೆ ಎದ್ದು ಬಂದರು. ವೆಲಿಕಾಳ ಕೈಯನ್ನು ನೋಡಿದವರೇ ಕಿರುಚಿ, ತೋಳು ಹಿಡಿದು ಎಳೆದರು. ಅಂಗೈಯ ಚರ್ಮ ಸುಟ್ಟು ಬೆಳ್ಳಗಾಗಿತ್ತು. ವೆಲಿಕಾ ಅದನ್ನು ಬೇರೆ ಯಾರದೋ ಕೈ ಎಂಬಂತೆ ನೋಡುತ್ತಿದ್ದಳು.

"ಉರೀತಿಲ್ವಾ ಅಕ್ಕ?" ಎಂದೆ.

"ಇಲ್ಲ ಕಣೇ."

ಬ್ಲಾಗೋಯ್ ಬಂದು, "ಕೆಲಸ ಮಾಡಿ ಮಾಡಿ ಜಡ್ಡುಗಟ್ಟಿದೆ, ಅಷ್ಟೇ" ಎಂದ. ಅತ್ತೆ ಅವನ ಮೇಲೆ ಹರಿಹಾಯ್ದರು. "ನಾನು ಇವಳಿಗಿಂತ ಹೆಚ್ಚು ವರ್ಷ ಮೆಣಸು ಸುಟ್ಟಿದೀನಿ. ನನ್ನ ಕೈ ಇವತ್ತಿಗೂ ಬಿಸಿ ಮುಟ್ಟಿದ್ರೆ ತಾನಾಗೇ ಹಿಂದಕ್ಕೆ ಬರತ್ತೆ. ಸುಮ್ನೆ ಡಾಕ್ಟರ ಹತ್ರ ಕರ್ಕೊಂಡ್ಹೋಗು."

ಆ ಅತ್ತೆ-ಸೊಸೆ ಅಷ್ಟೇನೂ ಹೊಂದಿಕೊಂಡು ಹೋದವರಲ್ಲ. ಉಪ್ಪು ಹೆಚ್ಚಾಯಿತು, ಬಟ್ಟೆ ಒಣಗಲಿಲ್ಲ ಎಂದು ದಿನಕ್ಕೊಂದು ತಕರಾರು. ಆದರೂ ರಾಜಧಾನಿ ಸ್ಕೋಪ್ಯೆಯ ನರದ ಡಾಕ್ಟರ ಹೆಸರನ್ನು ಯಾರಿಂದಲೋ ಕೇಳಿ ತಂದವರು ಅತ್ತೆಯೇ. ಜೊತೆಗೆ ನಾನು ಹೋದೆ.

ಡಾಕ್ಟರ್ ಬಿಸೆರಾ ನಮ್ಮ ವಯಸ್ಸಿನವರೇ. ವೆಲಿಕಾಳಿಗೆ ಕಣ್ಣು ಮುಚ್ಚಲು ಹೇಳಿ ಬೆರಳಿಗೆ ಹತ್ತಿ ತಾಕಿಸಿದರು. "ಮುಟ್ಟಿದ್ರಿ" ಎಂದಳು. ಸೂಜಿ ಚುಚ್ಚಿದರು. ಅದಕ್ಕೂ "ಮುಟ್ಟಿದ್ರಿ" ಎಂದಳು. ಬಿಸಿನೀರಿನ ಗಾಜಿನ ನಳಿಗೆಗೂ ತಣ್ಣೀರಿನದಕ್ಕೂ ವ್ಯತ್ಯಾಸ ಹೇಳಲಾಗಲಿಲ್ಲ. ಆಮೇಲೆ ರಬ್ಬರಿನ ಸುತ್ತಿಗೆಯಿಂದ ಮೊಣಕೈಯ ಮಡಿಕೆಗೆ ಬಡಿದರು. ತೋಳು ಮಿಸುಕಲಿಲ್ಲ. ಮೊಣಕಾಲ ಚಿಪ್ಪಿನ ಕೆಳಗೆ ಬಡಿದಾಗ ಕಾಲು ಚಿಮ್ಮಿ ಡಾಕ್ಟರ ಬಿಳಿ ಕೋಟಿಗೆ ತಗುಲಿತು.

"ಅಯ್ಯೋ, ತಪ್ಪಾಯ್ತು ಡಾಕ್ಟ್ರೇ! ನಾನು ಒದೀಲಿಲ್ಲ."

"ಗೊತ್ತಮ್ಮಾ, ನೀವು ಒದ್ದಿಲ್ಲ" ಎಂದು ಡಾಕ್ಟರ್ ನಕ್ಕರು. "ಒದ್ದಿದ್ದು ನಿಮ್ಮ ಬೆನ್ನುಹುರಿ. ಇಲ್ಲಿ ತಟ್ಟಿದ್ರೆ ತೊಡೆಯ ಸ್ನಾಯು ಎಳೆದ ಹಾಗಾಗತ್ತೆ. ಆ ಸುದ್ದಿ ನರದಲ್ಲಿ ಬೆನ್ನುಹುರಿಗೆ ಹೋಗತ್ತೆ. ಬೆನ್ನುಹುರಿ ತಲೆಯನ್ನ ಕೇಳ್ತಾ ಕೂರಲ್ಲ. ಅಲ್ಲಿಂದಲೇ ಇನ್ನೊಂದು ನರದಲ್ಲಿ ಸ್ನಾಯುವಿಗೆ ಅಪ್ಪಣೆ ವಾಪಸ್ ಬರತ್ತೆ. ಕಾಲು ಚಿಮ್ಮಿದ ಮೇಲೆ ತಲೆಗೆ ಗೊತ್ತಾಗತ್ತೆ."

"ಬಿಸಿ ಮುಟ್ಟಿದ್ರೂ ಹಾಗೇನಾ?" ನಾನು ಕೇಳಿದೆ.

"ಹಾಗೇ. ಚರ್ಮದಿಂದ ಸುದ್ದಿ ಬಂದ ತಕ್ಷಣ ಬೆನ್ನುಹುರಿ ಕೈಯನ್ನ ಹಿಂದಕ್ಕೆ ಎಳೆಸತ್ತೆ. 'ಅಮ್ಮಾ' ಅನ್ನೋದು ಆಮೇಲೆ. ತಲೆ ಯೋಚಿಸಿ ಹೇಳೋವರೆಗೆ ಕಾದ್ರೆ ಚರ್ಮ ಉಳಿಯಲ್ಲ."

ವೆಲಿಕಾ ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿ ತಿರುಗಿಸಿ ನೋಡಿಕೊಂಡಳು. "ಅಂದ್ರೆ ನನ್ನ ಕೈಗೆ ಅಪ್ಪಣೆ ಕೊಡೋನು ಸತ್ತೋಗಿದಾನಾ?"

"ಅವನಿದ್ದ ಜಾಗಕ್ಕೆ ನೀರು ನುಗ್ಗಿರಬೇಕು ಅಂತ ನನ್ನ ಅನುಮಾನ. ಕೆಮ್ಮಿದ್ರೆ ಹಿಂದಲೆ ನೋಯತ್ತಾ?"

ವೆಲಿಕಾ ಬೆರಗಾಗಿ ನನ್ನ ಮುಖ ನೋಡಿದಳು. ಆ ನೋವನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಸ್ಕ್ಯಾನ್‌ನಲ್ಲಿ ಅದೇ ಕಂಡಿತು. ಹುಟ್ಟಿನಿಂದಲೇ ಅವಳ ಮಿದುಳಿನ ಕೆಳತುದಿ ಕತ್ತಿನೊಳಕ್ಕೆ ಇಳಿದಿತ್ತು. ಮಿದುಳು-ಬೆನ್ನುಹುರಿಯ ಸುತ್ತ ಇರುವ ನೀರು ಸರಾಗವಾಗಿ ಹರಿಯಲು ದಾರಿಯಿಲ್ಲದೆ ಬೆನ್ನುಹುರಿಯ ಒಳಗೇ ತುಂಬಿ, ಬಿಸಿ ಮತ್ತು ನೋವಿನ ಸುದ್ದಿ ಹೊರುವ ಎಳೆಗಳನ್ನು ಹಿಸುಕಿತ್ತು. ಸ್ಪರ್ಶದ ಸುದ್ದಿ ಬೇರೆ ದಾರಿಯಲ್ಲಿ ಹೋಗುವುದರಿಂದ ಹತ್ತಿ ತಾಕಿದ್ದು ತಿಳಿದಿತ್ತು. ತಲೆಬುರುಡೆಯ ಬುಡದಲ್ಲಿ ಮೂಳೆ ಸ್ವಲ್ಪ ತೆಗೆದು ದಾರಿ ಮಾಡಬೇಕು, ಬಿಟ್ಟರೆ ಕೈ ಸೊರಗುತ್ತದೆ ಎಂದರು ಡಾಕ್ಟರ್.

ಆಪರೇಷನ್‌ಗೆ ದಿನ ಗೊತ್ತಾಗುವವರೆಗೆ ಕಾವಲಿಗೆ ನಿಂತವರು ಅತ್ತೆ. ವೆಲಿಕಾ ಅಡುಗೆಮನೆಗೆ ಕಾಲಿಟ್ಟರೆ ಸಾಕು, ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು "ಬಿಸಿ!" ಎಂದು ಕೂಗುತ್ತಿದ್ದರು. ಓಣಿಯವರಿಗೆಲ್ಲ ಕೇಳುತ್ತಿತ್ತು.

"ಅತ್ತೆ, ಅದು ಮೊಸರಿನ ಗಡಿಗೆ."

"ಯಾವುದಾದ್ರೂ ಆಗ್ಲಿ. ಮೊದಲು ನೋಡು, ಆಮೇಲೆ ಮುಟ್ಟು."

ಒಂದು ದಿನ ಅತ್ತೆ ಕೂಗುವ ಹೊತ್ತಿಗೆ ವೆಲಿಕಾ ಬಾಣಲೆಯ ಹಿಡಿ ಹಿಡಿದಾಗಿತ್ತು. ಮತ್ತೆರಡು ಬೊಬ್ಬೆ. ಅತ್ತೆ ಸೆರಗಿನಂತಿದ್ದ ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡು, "ಎಷ್ಟು ಬೇಗ ಕೂಗಿದ್ರೂ ತಡ ಆಗತ್ತಲ್ಲೇ" ಎಂದರು. ವೆಲಿಕಾ ಅವರ ಕಾಲ ಬಳಿ ಕೂತು ತನ್ನ ಕೈಯನ್ನು ಚಾಚಿದಳು. ಅತ್ತೆ ಮುಲಾಮು ಹಚ್ಚಿದರು. ಇಬ್ಬರೂ ಹಾಗೆ ಹತ್ತಿರ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಪರೇಷನ್ ಚೆನ್ನಾಗಿ ಆಯಿತು. ಹಿಂದಲೆಯ ನೋವು ಹೋಯಿತು, ಕೈಯ ಬಲ ಉಳಿಯಿತು. ಬಿಸಿ ಮಾತ್ರ ತಿರುಗಿ ತಿಳಿಯಲಿಲ್ಲ; ಡಾಕ್ಟರ್ ಮೊದಲೇ ಹಾಗೆ ಹೇಳಿದ್ದರು. ವೆಲಿಕಾ ನಿಧಾನ ಕಲಿತಳು. ಹಬೆ ಏಳುತ್ತಿದೆಯೇ ಎಂದು ನೋಡುವಳು, ಬಟ್ಟೆಯಿಲ್ಲದೆ ಪಾತ್ರೆ ಮುಟ್ಟಳು, ಲೋಟವನ್ನು ಮೊದಲು ಕೆನ್ನೆಯ ಹತ್ತಿರ ಒಯ್ಯುವಳು. ನಮ್ಮ ಕೈಗಳು ಕೇಳದೆಯೇ ಮಾಡುವುದನ್ನು ಅವಳು ದಿನವಿಡೀ ನೆನಪಿಟ್ಟುಕೊಂಡು ಮಾಡಬೇಕಿತ್ತು. ಸಂಜೆಯಾದರೆ ದಣಿಯುತ್ತಿದ್ದಳು.

ಅತ್ತೆ ತೀರಿಕೊಂಡ ಮರುವರ್ಷ ವೆಲಿಕಾಳ ಮಗಳು ಎಲಿತ್ಸಾ ಹೆರಿಗೆಗೆ ಬಂದಳು. ಹೆಣ್ಣುಮಗು. ಮೊದಲ ಸ್ನಾನದ ದಿನ ಎಲಿತ್ಸಾ ತಾಯಿಯ ಕೈ ನೋಡಿ ಹಿಂಜರಿದಳು.

"ನೀರು ನೀನು ನೋಡ್ಕೋ, ಮಗು ನಾನು ಹಿಡ್ಕೋತೀನಿ" ಎಂದಳು ವೆಲಿಕಾ.

ಅವಳು ಮಗುವನ್ನು ಎತ್ತಿಕೊಂಡಾಗ ನನ್ನ ಕೈಯಿಂದ ತಂಬಿಗೆ ಜಾರಿ ದಢಾರನೆ ಬಿತ್ತು. ಮಗು ಬೆಚ್ಚಿ ಎರಡೂ ತೋಳು ಅಗಲಿಸಿ, ಮತ್ತೆ ಒಳಕ್ಕೆ ತಂದುಕೊಂಡು, ಅಜ್ಜಿಯ ಬೆರಳನ್ನು ಗಟ್ಟಿಯಾಗಿ ಹಿಡಿಯಿತು.

"ನೋಡ್ರೇ, ಯಾರೂ ಹೇಳಿಕೊಟ್ಟಿಲ್ಲ" ಎಂದಳು ವೆಲಿಕಾ. ಬೆರಳನ್ನು ಬಿಡಿಸಿಕೊಳ್ಳಲು ಅವಳಿಗೆ ಅವಸರವಿರಲಿಲ್ಲ. ಎಲಿತ್ಸಾ ತನ್ನ ಮೊಣಕೈಯಿಂದ ನೀರು ಮುಟ್ಟಿ ನೋಡಿ, ಹದವಾಗಿದೆ ಎಂದು ತಲೆಯಾಡಿಸಿದಳು.